ದೊಡ್ಡ ಟೆಕ್ ಕಂಪನಿ ‘ಬೇಡ’ ಅಂದರೆ ಏನರ್ಥ?

ಕೆಪಿಎಸ್‌ಸಿ ಪರೀಕ್ಷೆ ಬರೆದರೆ ಕೀ ಉತ್ತರ ಪ್ರಕಟವಾಗುತ್ತೆ. ಆಕ್ಷೇಪಣೆ ಸಲ್ಲಿಸಬಹುದು, ಆರ್‌ಟಿಐ ಹಾಕಬಹುದು. ಗೂಗಲ್, ಅಮೆಜಾನ್, ಮೆಟಾದಂಥ ಕಂಪನಿಗಳ ಇಂಜಿನಿಯರಿಂಗ್ ಇಂಟರ್‌ವ್ಯೂನಲ್ಲಿ ಹಾಗಲ್ಲ. ಸೋತರೆ ಸಾಮಾನ್ಯವಾಗಿ ಎರಡು ಸಾಲಿನ ಇಮೇಲ್ ಬರುತ್ತೆ, ಅಷ್ಟೇ. ಕಾರಣ ಹೇಳದಿದ್ದಾಗ ನಮ್ಮ ಹುಡುಗ ಹುಡುಗಿಯರು ಅದನ್ನು ತಮ್ಮೊಳಗೇ ಹುಡುಕುತ್ತಾರೆ: ‘ನಾನೇ ದಡ್ಡ’, ‘ಕನ್ನಡ ಮೀಡಿಯಂನಲ್ಲಿ ಓದಿದ್ದೇ ತಪ್ಪಾಯ್ತು’.

ಆ ತೀರ್ಮಾನಕ್ಕೆ ಬರುವ ಮೊದಲು ಈ ಇಂಟರ್‌ವ್ಯೂ ಅಳೆಯುವುದೇನನ್ನು ಅಂತ ನೋಡೋಣ.

ಮೊದಲು ಆನ್‌ಲೈನ್ ಟೆಸ್ಟ್ ಅಥವಾ ಫೋನ್ ರೌಂಡ್. ಆಮೇಲೆ ಮುಕ್ಕಾಲು ಗಂಟೆ, ಒಂದು ಗಂಟೆಯ ನಾಲ್ಕೈದು ರೌಂಡ್. ಹಲವು ರೌಂಡ್‌ಗಳಲ್ಲಿ ಎದುರಿಗೊಬ್ಬರು ಕೂತು ನೋಡುತ್ತಿರುವಾಗ, ಜೋರಾಗಿ ಯೋಚಿಸುತ್ತಾ ಕೋಡ್ ಬರೆಯಬೇಕು. ಇಡೀ ವ್ಯವಸ್ಥೆಯ ಹಿಂದಿರುವ ಲೆಕ್ಕಾಚಾರ ಇದು: ಒಬ್ಬ ತಪ್ಪು ವ್ಯಕ್ತಿ ಒಳಗೆ ಬರೋದಕ್ಕಿಂತ ಹತ್ತು ಒಳ್ಳೆಯವರು ಹೊರಗುಳಿದರೂ ಪರವಾಗಿಲ್ಲ. ಬಾಗಿಲಲ್ಲಿ ಕ್ಯೂ ಉದ್ದವಿದೆ, ಕಂಪನಿಗೇನು ನಷ್ಟ?

2009ರಲ್ಲಿ ಬ್ರಿಯಾನ್ ಆ್ಯಕ್ಟನ್‌ಗೆ ಫೇಸ್‌ಬುಕ್ ಕೆಲಸ ಕೊಡಲಿಲ್ಲ. 2014ರಲ್ಲಿ ಅವರೇ ಸಹಸ್ಥಾಪಕರಾಗಿದ್ದ ವಾಟ್ಸ್‌ಆ್ಯಪ್ ಅನ್ನು 19 ಬಿಲಿಯನ್ ಡಾಲರ್‌ಗೆ ಕೊಳ್ಳುವುದಾಗಿ ಅದೇ ಫೇಸ್‌ಬುಕ್ ಘೋಷಿಸಿತು. ಇಂಥ ಕಥೆ ಹೇಳಿ ಸಮಾಧಾನ ಮಾಡೋದು ಸುಲಭ, ನಾವೆಲ್ಲ ಆ್ಯಕ್ಟನ್ ಆಗಲ್ಲ ಬಿಡಿ. ನನಗೆ ಹೆಚ್ಚು ಮುಖ್ಯ ಅನ್ನಿಸೋದು 2020ರ ಒಂದು ಅಧ್ಯಯನ. ನಾರ್ತ್ ಕೆರೊಲಿನಾ ಸ್ಟೇಟ್ ಯೂನಿವರ್ಸಿಟಿ ಮತ್ತು ಮೈಕ್ರೋಸಾಫ್ಟ್‌ನ ಸಂಶೋಧಕರು 48 ವಿದ್ಯಾರ್ಥಿಗಳಿಗೆ ಒಂದೇ ಸಮಸ್ಯೆ ಕೊಟ್ಟರು. ಕೆಲವರು ಇಂಟರ್‌ವ್ಯೂ ಮಾಡುವವರ ಮುಂದೆ, ಉಳಿದವರು ಕೋಣೆಯಲ್ಲಿ ಒಬ್ಬರೇ ಬಿಡಿಸಿದರು. ಯಾರೋ ನೋಡುತ್ತಿದ್ದಾಗ ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿಯಿತು. ಇನ್ನೊಬ್ಬರ ಮುಂದೆ ಬಿಡಿಸಿದ ಮಹಿಳೆಯರಲ್ಲಿ ಒಬ್ಬರೂ ಪಾಸಾಗಲಿಲ್ಲ. ಒಂಟಿಯಾಗಿ ಬಿಡಿಸಿದ ಮಹಿಳೆಯರೆಲ್ಲ ಪಾಸಾದರು. ಸಣ್ಣ ಗುಂಪು, ನಿಜ. ಆದರೂ ಇಂಟರ್‌ವ್ಯೂ ಬುದ್ಧಿಯ ಜೊತೆಗೆ ಭಯವನ್ನೂ ಅಳೆಯುತ್ತೆ ಅನ್ನೋದಂತೂ ಸ್ಪಷ್ಟ.

ಹಾಗಾಗಿ ಲೀಟ್‌ಕೋಡ್‌ನಲ್ಲಿ ಐನೂರು ಪ್ರಶ್ನೆ ಒಬ್ಬರೇ ಬಿಡಿಸೋದು ಅರ್ಧ ತಯಾರಿ ಮಾತ್ರ. ಗೆಳೆಯರನ್ನು ಎದುರಿಗೆ ಕೂರಿಸಿಕೊಂಡು, ಗಡಿಯಾರ ಇಟ್ಟು, ಬಾಯಿಬಿಟ್ಟು ವಿವರಿಸುತ್ತಾ ಬಿಡಿಸಿ. ಮೊದಲು ಕನ್ನಡದಲ್ಲೇ ವಿವರಿಸಿ, ತರ್ಕ ಗಟ್ಟಿಯಾಗಲಿ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ. ಸಿಕ್ಕಿಹಾಕಿಕೊಂಡಾಗ ಮೌನವಾಗಬೇಡಿ. ‘ಈ ದಾರಿ ನಿಧಾನ, ಇನ್ನೊಂದು ನೋಡ್ತೀನಿ’ ಅಂದರೂ ಅದು ನಿಮ್ಮ ಲೆಕ್ಕಕ್ಕೇ ಜಮಾ.

ಹಾಗಂತ ತಯಾರಿ ಎಲ್ಲರಿಗೂ ಸಮಾನವಾಗಿ ಕೈಗೆಟುಕುತ್ತಾ? ಆರು ತಿಂಗಳು ಸಂಬಳವಿಲ್ಲದೆ ಬೆಂಗಳೂರಿನ ಪಿಜಿಯಲ್ಲಿ ಕೂತು ಓದುವ ಶಕ್ತಿ ಯಾವ ಮನೆಯ ಮಕ್ಕಳಿಗಿದೆ? ರೆಫರಲ್ ಕೊಡೋಕೆ ಒಳಗಡೆ ಅಣ್ಣ, ಅಕ್ಕ, ಸೀನಿಯರ್ ಯಾರಿಗಿದ್ದಾರೆ? ‘ಮೆರಿಟ್’ ಅನ್ನೋ ಪದ ಈ ಪ್ರಶ್ನೆಗಳನ್ನು ಮುಚ್ಚಿಹಾಕುತ್ತೆ. ಪಾಸಾದವರಿಗೂ ಗ್ಯಾರಂಟಿ ಏನಿಲ್ಲ. 2023ರ ಜನವರಿಯಲ್ಲಿ ಗೂಗಲ್ ಸುಮಾರು 12,000 ಹುದ್ದೆ ಕಡಿತ ಘೋಷಿಸಿದಾಗ ಕೆಲಸ ಕಳೆದುಕೊಂಡವರಲ್ಲಿ ಇದೇ ರೌಂಡ್‌ಗಳನ್ನು ದಾಟಿ ಬಂದ ಇಂಜಿನಿಯರ್‌ಗಳೂ ಇದ್ದರು.

ರಿಜೆಕ್ಷನ್ ಬಂದರೆ ಎರಡು ದಿನ ಬೇಜಾರಾಗಿರಿ, ತಪ್ಪೇನಿಲ್ಲ. ಆದರೆ ಕೇಳಿದ ಪ್ರಶ್ನೆಗಳನ್ನೂ ಎಲ್ಲಿ ತಡವರಿಸಿದಿರಿ ಅನ್ನೋದನ್ನೂ ಇಂಟರ್‌ವ್ಯೂ ಮುಗಿದ ಸಂಜೆಯೇ ಬರೆದಿಟ್ಟುಕೊಂಡಿರಿ, ವಾರ ಕಳೆದರೆ ನೆನಪಿರಲ್ಲ. ಯಾವ ರೌಂಡ್ ಕೈಕೊಟ್ಟಿತು, ಮತ್ತೆ ಯಾವಾಗ ಅರ್ಜಿ ಹಾಕಬಹುದು ಅಂತ ರಿಕ್ರೂಟರ್‌ಗೆ ಒಂದು ಇಮೇಲ್ ಹಾಕಿ. ಮೊದಲನೆಯದಕ್ಕೆ ಉತ್ತರ ಬರದೇ ಇರಬಹುದು. ಎರಡನೆಯದಕ್ಕೆ ಸಾಮಾನ್ಯವಾಗಿ ಬರುತ್ತೆ: ಆರು ತಿಂಗಳು, ಇಲ್ಲವೇ ಒಂದು ವರ್ಷ.