ಮಳೆ ಲೆಕ್ಕ ಎಕ್ಸೆಲ್ ಹಾಳೆಗೆ ಇಳಿಯುವಾಗ

ಹೂಮಳೆ ಯಾವ ದಿನ ಬಂತು, ಎಷ್ಟು ಇಂಚು ಎಷ್ಟು ಸೆಂಟ್ಸ್ ಬಿತ್ತು, ಬ್ಯಾಕಿಂಗ್ ಮಳೆ ಸಿಕ್ಕಿತೋ ಇಲ್ಲವೋ ಎಂದು ಬರೆದಿಡುವ ಪುಸ್ತಕ ನಮ್ಮ ಬೆಳೆಗಾರರ ಅನೇಕ ಮನೆಗಳಲ್ಲಿದೆ. ತಂದೆ ಆರಂಭಿಸಿದ್ದನ್ನು ಮಗ ಮುಂದುವರಿಸಿರುತ್ತಾನೆ. ಈಗ ಈ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿ, ಹತ್ತಾರು ತೋಟಗಳ ಮಳೆಯನ್ನೂ ಇಳುವರಿಯನ್ನೂ ಹೋಲಿಸಿ ನೋಡುವ ಕೆಲಸವನ್ನು ಓದಿದ ಮಕ್ಕಳು ಕೈಗೆತ್ತಿಕೊಂಡಿರುವುದು ಸಂತೋಷದ ವಿಷಯ. ಇಂಥ ಲೆಕ್ಕಕ್ಕೆ ಬಳಸುವ ತಂತ್ರಾಂಶಗಳಲ್ಲಿ ‘ಆರ್’ ಎಂಬುದು ಒಂದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಹಣ ಕೊಡಬೇಕಿಲ್ಲ.

ಆದರೆ ಆರ್ ತೆಗೆದ ಲೆಕ್ಕ ನಮ್ಮ ಕೈ ಸೇರುವುದು ಎಕ್ಸೆಲ್ ಹಾಳೆಯಾಗಿ. ಲೆಕ್ಕ ಸರಿಯಾಗಿಯೇ ಇದ್ದು, ಹಾಳೆಗೆ ದಾಟುವ ಈ ಒಂದು ಹೆಜ್ಜೆಯಲ್ಲಿ ಕೆಡುವುದುಂಟು. ದಾಟಿಸುವ ಸುಲಭದ ದಾರಿಯೆಂದರೆ ಸಿಎಸ್‌ವಿ ಕಡತ. ಅದರಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಅಲ್ಪವಿರಾಮವೇ ಬೇಲಿ. ಯಾವುದು ಸಂಖ್ಯೆ, ಯಾವುದು ತಾರೀಖು ಎಂಬುದನ್ನು ಅದು ಹೇಳುವುದಿಲ್ಲ. ತೆರೆಯುವಾಗ ಎಕ್ಸೆಲ್ ತಾನೇ ಊಹಿಸಿಕೊಳ್ಳುತ್ತದೆ.

ಈ ಊಹೆಗೆ ಮೊದಲು ಸಿಕ್ಕಿಬೀಳುವುದು ನಮ್ಮ ಸರ್ವೆ ನಂಬರು. 12/3 ಎಂದಿದ್ದರೆ ಎಕ್ಸೆಲ್ ಅದನ್ನು ಮಾರ್ಚ್ 12 ಎಂದು ಮಾಡಿಬಿಡುತ್ತದೆ. ‘ನನ್ನ ತೋಟವನ್ನು ಮಾರ್ಚ್ ತಿಂಗಳಿಗೆ ಯಾಕಪ್ಪಾ ಬರೆದೆ?’ ಎಂದು ಹಿರಿಯ ಸದಸ್ಯರೊಬ್ಬರು ಹಾಳೆ ಹಿಡಿದು ಕೇಳಿದ್ದುಂಟು. ತಮಾಷೆಯಾಗಿ ಕಂಡರೂ, ಬೆಳೆ ವಿಮೆಗೋ ಸಾಲಕ್ಕೋ ಹೋಗುವ ಹಾಳೆಯಲ್ಲಿ ಪಹಣಿಗೆ ತಾಳೆಯಾಗದ ನಂಬರು ಬಂದರೆ ಅಲೆದಾಡಬೇಕಾದವರು ನಾವೇ. 145/2 ಮಾತ್ರ ಹಾಗೆಯೇ ಉಳಿಯುತ್ತದೆ, ಏಕೆಂದರೆ ಅಂಥ ತಾರೀಖು ಇಲ್ಲ. ಆದ್ದರಿಂದ ಮೇಲಿನ ನಾಲ್ಕು ಸಾಲು ಸರಿಯಿದ್ದ ಮಾತ್ರಕ್ಕೆ ಕೆಳಗಿನದೂ ಸರಿಯೆಂದು ನಂಬುವಂತಿಲ್ಲ. ಹಾಳೆಯನ್ನು ಒಮ್ಮೆ ಉಳಿಸಿಬಿಟ್ಟರೆ ಹಳೆಯದು ಮರಳುವುದೂ ಇಲ್ಲ. 2025ರಲ್ಲಿ ಹೀಗೆ ಕೆಟ್ಟ 12/3ನ್ನು ಮತ್ತೆ ಅಕ್ಷರಕ್ಕೆ ತಿರುಗಿಸಿದರೆ 45728 ಎಂದು ಕಾಣುತ್ತದೆ, ಅಂದರೆ ಎಕ್ಸೆಲ್ ಒಳಗೊಳಗೆ ಎಣಿಸುವ ದಿನಗಳ ಲೆಕ್ಕ.

ಇದು ನಮ್ಮ ಒಬ್ಬರ ಗೋಳಲ್ಲ. ‘ಮಾರ್ಚ್1’, ‘ಸೆಪ್ಟ್1’ ಎಂಬ ಹೆಸರಿನ ಮನುಷ್ಯ ಜೀನ್‌ಗಳನ್ನೂ ಎಕ್ಸೆಲ್ ತಾರೀಖು ಮಾಡುತ್ತಿತ್ತು. ಬೇಸತ್ತು, ಜೀನ್‌ಗಳಿಗೆ ಹೆಸರು ನಿಗದಿಮಾಡುವ ಸಮಿತಿಯು ಆ ಹೆಸರುಗಳನ್ನೇ ಬದಲಾಯಿಸಿದ್ದನ್ನು 2020ರಲ್ಲಿ ಪ್ರಕಟಿಸಿತು. ನಾವು ಸರ್ವೆ ನಂಬರು ಬದಲಾಯಿಸಲು ಬರುತ್ತದೆಯೇ?

ಮಳೆಯ ಅಂಕಿಯಲ್ಲಿ ಇನ್ನೊಂದು ತೊಡಕು. ಒಂದು ಇಂಚು ಹತ್ತು ಸೆಂಟ್ಸನ್ನು 1.10 ಎಂದು ಬರೆಯುತ್ತೇವೆ. ಹಾಳೆ ಕೊನೆಯ ಸೊನ್ನೆ ಉದುರಿಸಿ 1.1 ಎಂದು ತೋರಿಸುತ್ತದೆ. ಕಂಪ್ಯೂಟರಿಗೆ ಎರಡೂ ಒಂದೇ, ಆದರೆ ಓದುವವರು ಒಂದು ಇಂಚು ಒಂದು ಸೆಂಟ್ ಎಂದುಕೊಳ್ಳುತ್ತಾರೆ. ತಿರುಗುಮುರುಗಾಗಿ, ಒಂದು ಇಂಚು ಐದು ಸೆಂಟ್ಸನ್ನು ಕೆಲವರು 1.5 ಎಂದು ಬರೆದಿರುತ್ತಾರೆ. ಅದು ಒಂದೂವರೆ ಇಂಚಾಗಿ ಕೂಡಿಕೊಳ್ಳುತ್ತದೆ. ಇಂಚು, ಸೆಂಟ್ಸ್ ಎರಡಕ್ಕೂ ಬೇರೆ ಬೇರೆ ಕಾಲಂ ಇಟ್ಟು, ಆಮೇಲೆ ಇಂಚಿಗೆ 25.4ರಂತೆ ಮಿಲಿಮೀಟರಿಗೆ ತಿರುಗಿಸುವುದು ಕ್ಷೇಮ.

ಮಾಪಕ ಕೆಟ್ಟು ಅಳತೆ ಸಿಗದ ದಿನಕ್ಕೆ ಆರ್ ‘ಎನ್‌ಎ’ ಎಂದು ಬರೆಯುತ್ತದೆ. ನೋಡಲು ಚೆನ್ನಾಗಿಲ್ಲವೆಂದು ಅದನ್ನು ಅಳಿಸಿ ಸೊನ್ನೆ ಹಾಕುವವರಿದ್ದಾರೆ. ನಾಲ್ಕು ಕಡೆ 20, 30, 25, 25 ಮಿ.ಮೀ. ಬಿದ್ದು, ಐದನೆಯ ಕಡೆ ಅಳತೆ ಇಲ್ಲವೆನ್ನಿ. ಸರಾಸರಿ 25. ಸೊನ್ನೆ ತುಂಬಿದರೆ 20ಕ್ಕೆ ಇಳಿಯುತ್ತದೆ.

ಸಾಲುಗಳೇ ಮಾಯವಾಗುವುದೂ ಉಂಟು. ಇಂಗ್ಲೆಂಡಿನಲ್ಲಿ 2020ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಹಾಳೆಯಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ, ಉಳಿದದ್ದು ಹೊರಗೇ ನಿಂತಿತು. ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್ ಮಾದರಿಯಲ್ಲಿ 10,48,576 ಸಾಲು ಹಿಡಿಯುತ್ತದೆ.

ಲೆಕ್ಕ ಮಾಡುವ ಮಕ್ಕಳಿಗೆ ಹೇಳಬೇಕಾದದ್ದು ಇಷ್ಟು. ಸರ್ವೆ ನಂಬರು, 0047ರಂತಹ ಸದಸ್ಯ ನಂಬರುಗಳನ್ನು ಆರ್‌ಗೆ ಓದಿಸುವಾಗಲೇ ಅಕ್ಷರವೆಂದು ತಿಳಿಸಿರಲಿ. ಇಲ್ಲದಿದ್ದರೆ 0047 ಅಲ್ಲಿಯೇ 47 ಆಗುತ್ತದೆ. ಆಮೇಲೆ ಸಿಎಸ್‌ವಿಯ ಗೊಡವೆಗೆ ಹೋಗದೆ ‘ರೈಟ್‌ಎಕ್ಸ್‌ಎಲ್’ ಎಂಬ ಉಚಿತ ಜೋಡಣೆಯಿಂದ ನೇರವಾಗಿ ಎಕ್ಸೆಲ್ ಹಾಳೆಗೆ ಬರೆಸಲಿ. ಆಗ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ, ಕನ್ನಡದ ಹೆಸರುಗಳೂ ಗೀಚುಗೀಚಾಗುವುದಿಲ್ಲ. ಸಿಎಸ್‌ವಿಯೇ ಬಂದಿದ್ದರೆ ಎರಡು ಸಲ ಒತ್ತಿ ತೆರೆಯಬಾರದು. ಎಕ್ಸೆಲಿನ ‘ಡೇಟಾ’ ಪಟ್ಟಿಯಿಂದ ಒಳಗೆ ತಂದು, ಆ ಕಾಲಂಗಳನ್ನು ‘ಟೆಕ್ಸ್ಟ್’ ಎಂದು ಆರಿಸಬೇಕು.

ಕಳುಹಿಸುವ ಮುನ್ನ ಆರ್‌ನಲ್ಲಿದ್ದ ಸಾಲುಗಳ ಸಂಖ್ಯೆ, ಮಳೆಯ ಒಟ್ಟು ಮೊತ್ತ ಎರಡನ್ನೂ ಹಾಳೆಯೊಡನೆ ತಾಳೆ ನೋಡಲಿ. ನಿಮ್ಮ ಸಾಲನ್ನು ಮಾತ್ರ ನೀವೇ ಪಹಣಿಯ ಪಕ್ಕದಲ್ಲಿಟ್ಟು ಓದಿಕೊಳ್ಳಿ.