ಹೈನುಗಾರಿಕೆಯ ಕಾರ್ಡು ಬೇರೆ, ಮನೆ ಖರ್ಚಿನ ಕಾರ್ಡು ಬೇರೆ



ಬ್ಯಾಂಕು ಕೊಡುವ ಕಾರ್ಡುಗಳು ನೋಡಲು ಒಂದೇ ತೆರನಾಗಿದ್ದರೂ ಅವುಗಳ ಉದ್ದೇಶ, ಬಡ್ಡಿ, ಮರುಪಾವತಿ ಕ್ರಮ ಬೇರೆ ಬೇರೆ. ಕಸುಬಿಗೆ ಕೊಡುವ ಕಾರ್ಡು ಒಂದು, ಸ್ವಂತ ಖರ್ಚಿಗೆ ಕೊಡುವ ಕಾರ್ಡು ಇನ್ನೊಂದು. ಹೈನುಗಾರರಿಗೆ ಮೊದಲನೆಯದು ಕಿಸಾನ್ ಕ್ರೆಡಿಟ್ ಕಾರ್ಡು.

1998ರಲ್ಲಿ ಬೆಳೆ ಸಾಲಕ್ಕಾಗಿ ಆರಂಭವಾದ ಈ ಯೋಜನೆಯನ್ನು 2018-19ರ ಕೇಂದ್ರ ಬಜೆಟ್‌ನಲ್ಲಿ ಪಶುಸಂಗೋಪನೆಗೂ ವಿಸ್ತರಿಸಲಾಯಿತು. ಜಮೀನು ಇಲ್ಲದಿದ್ದರೂ ಸ್ವಂತ ಅಥವಾ ಬಾಡಿಗೆ ಕೊಟ್ಟಿಗೆಯಲ್ಲಿ ರಾಸು ಸಾಕುವವರು ಅರ್ಜಿ ಹಾಕಬಹುದು.

ಯಾವ ಖರ್ಚಿಗೆ?

ಪಶು ಆಹಾರ, ಮೇವು, ಚಿಕಿತ್ಸೆ, ಕೂಲಿ, ನೀರು, ವಿದ್ಯುತ್ ಮುಂತಾದ ದಿನನಿತ್ಯದ ನಿರ್ವಹಣೆಗೆ ಮಾತ್ರ. ಹೊಸ ಹಸು ಕೊಳ್ಳಲು, ಕೊಟ್ಟಿಗೆ ಕಟ್ಟಲು ಅವಧಿ ಸಾಲವನ್ನು ಪ್ರತ್ಯೇಕವಾಗಿ ಕೇಳಬೇಕು. ಒಂದು ರಾಸಿಗೆ ಇಷ್ಟು ಎಂದು ಜಿಲ್ಲಾ ತಾಂತ್ರಿಕ ಸಮಿತಿ ನಿಗದಿಪಡಿಸಿದ ಮೊತ್ತದ ಆಧಾರದ ಮೇಲೆ ಸಾಲದ ಮಿತಿ ನಿರ್ಧಾರವಾಗುತ್ತದೆ. ಸ್ವಂತ ಕಾರ್ಡಿಗಾದರೋ ಬ್ಯಾಂಕು ನೋಡುವುದು ವ್ಯಕ್ತಿಯ ಆದಾಯ ಮತ್ತು ಹಿಂದಿನ ಸಾಲ ತೀರಿಸಿದ ರೀತಿ. ಅದನ್ನು ಯಾವ ಖರೀದಿಗೆ ಬಳಸಿದಿರಿ ಎಂದು ಯಾರೂ ಕೇಳುವುದಿಲ್ಲ.

ಬಡ್ಡಿಯ ಲೆಕ್ಕ

2025-26ನೇ ಸಾಲಿಗೆ ಮುಂದುವರಿಸಿದ ಬಡ್ಡಿ ಸಹಾಯಧನ ಯೋಜನೆಯಂತೆ, ಪಶುಸಂಗೋಪನೆಯ 2 ಲಕ್ಷ ರೂ.ವರೆಗಿನ ಸಾಲಕ್ಕೆ ಬಡ್ಡಿ ಶೇ. 7. ಗಡುವಿನೊಳಗೆ ತೀರಿಸಿದರೆ ಶೇ. 3 ರಿಯಾಯಿತಿ ದೊರೆತು ಶೇ. 4 ಮಾತ್ರ ಬೀಳುತ್ತದೆ. ಆದರೆ ಹಣ ಪಡೆದ ದಿನದಿಂದಲೇ ಬಡ್ಡಿ ಶುರು.

ಸ್ವಂತ ಕಾರ್ಡಿನಲ್ಲಿ ಖರೀದಿಗೆ ಸಾಮಾನ್ಯವಾಗಿ 45-50 ದಿನಗಳವರೆಗೆ ಬಡ್ಡಿ ಇಲ್ಲ. ಬಿಲ್ಲನ್ನು ಪೂರ್ತಿ ಕಟ್ಟುವವರಿಗೆ ಇದು ಅನುಕೂಲವೇ. ‘ಕನಿಷ್ಠ ಮೊತ್ತ’ ಮಾತ್ರ ಕಟ್ಟಿದರೆ ಉಳಿದ ಬಾಕಿಗೆ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3ಕ್ಕೂ ಹೆಚ್ಚು ಬಡ್ಡಿ ಬೀಳುತ್ತದೆ. ಎಟಿಎಂನಲ್ಲಿ ನಗದು ತೆಗೆದರೆ ಶುಲ್ಕದ ಜೊತೆಗೆ ಅಂದಿನಿಂದಲೇ ಬಡ್ಡಿ.

50,000 ರೂ. ಒಂದು ವರ್ಷ ಉಳಿದರೆ ಶೇ. 4ರಂತೆ ಬಡ್ಡಿ 2,000 ರೂ., ಶೇ. 7ರಂತೆ 3,500 ರೂ. ತಿಂಗಳಿಗೆ ಶೇ. 3ರಂತೆ ಸರಳವಾಗಿ ಲೆಕ್ಕ ಹಾಕಿದರೂ 18,000 ರೂ. ಹಿಂಡಿ, ಬೂಸಾ ತಂದ ಸಾಲಕ್ಕೆ ಇಷ್ಟು ಬಡ್ಡಿ ತೆತ್ತರೆ ಹಾಲಿನ ಲಾಭ ಉಳಿಯದು.

ಸದಸ್ಯರು ಗಮನಿಸಬೇಕಾದ ಅಂಶಗಳು

1. 2025ರ ಜನವರಿ 1ರಿಂದ ಕೃಷಿ ಮತ್ತು ಅದಕ್ಕೆ ಪೂರಕ ಕಸುಬುಗಳ 2 ಲಕ್ಷ ರೂ.ವರೆಗಿನ ಸಾಲಕ್ಕೆ ಆಸ್ತಿ ಅಡಮಾನ ಬೇಕಿಲ್ಲ.

2. ಕಿಸಾನ್ ಕಾರ್ಡಿನ ಹಣವನ್ನು ಮದುವೆ, ಹಬ್ಬ, ಕೈಸಾಲ ತೀರಿಸಲು ಬಳಸಬೇಡಿ. ರಾಸು ಗಬ್ಬದಲ್ಲಿದ್ದು ಹಾಲು ನಿಂತ ತಿಂಗಳುಗಳಲ್ಲಿ ಮೇವಿಗೆ ಒದಗಬೇಕಾದ ಹಣವದು.

3. ಮರುಪಾವತಿಯ ಕೊನೆಯ ದಿನಾಂಕವನ್ನು ಬ್ಯಾಂಕಿನಲ್ಲಿ ಕೇಳಿ ಪಾಸ್‌ಪುಸ್ತಕದಲ್ಲಿ ಬರೆದಿಡಿ. ದಿನ ತಪ್ಪಿದರೆ ಶೇ. 3 ರಿಯಾಯಿತಿ ಕೈತಪ್ಪುತ್ತದೆ.

4. ಹಾಲಿನ ಪ್ರತಿ ಬಟವಾಡೆಯಲ್ಲೂ ಒಂದಿಷ್ಟು ಹಣವನ್ನು ಸಾಲದ ಖಾತೆಗೆ ಕಟ್ಟುತ್ತ ಬನ್ನಿ. ಬಾಕಿ ಇಳಿದಂತೆ ಬಡ್ಡಿಯೂ ಇಳಿಯುತ್ತದೆ, ಗಡುವಿನ ಹೊತ್ತಿಗೆ ಪರದಾಟವೂ ತಪ್ಪುತ್ತದೆ.

ಹಸುವಿನ ಖರ್ಚು ಹಸುವಿನ ಲೆಕ್ಕದಲ್ಲಿ, ಮನೆಯ ಖರ್ಚು ಮನೆಯ ಲೆಕ್ಕದಲ್ಲಿ ಇರಲಿ. ಆಗ ಹೈನುಗಾರಿಕೆಯಲ್ಲಿ ನಿಜವಾಗಿ ಉಳಿದದ್ದೆಷ್ಟು ಎಂಬುದು ಸದಸ್ಯರಿಗೇ ತಿಳಿಯುತ್ತದೆ.