ತೇಲು ಸಾಧನಗಳಿಂದ ಸಮುದ್ರದ ಅಲೆಶಕ್ತಿ: ಡಂಬಳ ಹೋಬಳಿಯ ನಾಗರಿಕರಿಗೆ ಮಾಹಿತಿ

ಡಂಬಳ ಹೋಬಳಿಯ ಜನರಿಗೆ ಗಾಳಿಯಿಂದ ವಿದ್ಯುತ್ ಉತ್ಪಾದಿಸುವುದು ಹೊಸ ಸಂಗತಿಯಲ್ಲ. ಸಮೀಪದ ಕಪ್ಪತಗುಡ್ಡದಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಸ್ಥಾಪಿಸಿದ ಪವನ ವಿದ್ಯುತ್ ಘಟಕವು 225 ಕಿಲೋವಾಟ್‌ನ 9 ಹಾಗೂ 230 ಕಿಲೋವಾಟ್‌ನ 11 ಯಂತ್ರಗಳನ್ನು ಒಳಗೊಂಡಿದ್ದು, ಅದರ ಒಟ್ಟು ಸ್ಥಾಪಿತ ಸಾಮರ್ಥ್ಯ 4,555 ಕಿಲೋವಾಟ್ ಆಗಿತ್ತು. ತರುವಾಯ ಜಿಲ್ಲೆಯ ಅನೇಕ ಕಡೆಗಳಲ್ಲಿ ಖಾಸಗಿ ಸಂಸ್ಥೆಗಳ ದೊಡ್ಡ ಗಾಳಿಯಂತ್ರಗಳು ಬಂದಿವೆ. ಗಾಳಿಯಿಂದ ವಿದ್ಯುತ್ ದೊರೆಯುವುದಾದರೆ ಸಮುದ್ರದ ಅಲೆಯಿಂದ ಏಕೆ ದೊರೆಯಬಾರದು, ಅದು ದೊರೆತರೆ ಒಳನಾಡಿನ ರೈತರ ಪಂಪ್‌ಸೆಟ್‌ಗೆ ಅದರಿಂದ ಪ್ರಯೋಜನವಾಗುವುದೇ, ಅದಕ್ಕೆ ಸರ್ಕಾರದ ಸಹಾಯಧನ ಉಂಟೇ ಎಂಬ ಪ್ರಶ್ನೆಗಳು ಸಹಜವಾದವು. ಸದರಿ ವಿಷಯದ ಬಗ್ಗೆ ಈ ಕೆಳಗಿನಂತೆ ವಿವರಿಸಲಾಗಿದೆ.

ಅಲೆಯಲ್ಲಿ ಅಡಗಿರುವ ಶಕ್ತಿ

ಸಮುದ್ರದ ಅಲೆಯು ಮೂಲತಃ ಗಾಳಿಯ ಶಕ್ತಿಯೇ ಆಗಿರುತ್ತದೆ. ಗಾಳಿಯು ನೀರಿನ ಮೇಲ್ಮೈಯನ್ನು ಉಜ್ಜಿಕೊಂಡು ನೂರಾರು ಕಿಲೋಮೀಟರ್ ಸಾಗುವಾಗ ತನ್ನ ಶಕ್ತಿಯ ಒಂದಂಶವನ್ನು ನೀರಿಗೆ ವರ್ಗಾಯಿಸುತ್ತದೆ. ಗಾಳಿ ನಿಂತ ಮೇಲೂ ಆ ಶಕ್ತಿಯು ಅಲೆಯ ರೂಪದಲ್ಲಿ ದಡದವರೆಗೆ ಬರುತ್ತದೆ. ಇದನ್ನು ಗಾಳಿಯು ನೀರಿನಲ್ಲಿ ಇರಿಸಿದ ಠೇವಣಿ ಎಂದು ಭಾವಿಸಬಹುದು. ಆಳ ಸಮುದ್ರದಲ್ಲಿ ನೀರು ಮಾತ್ರ ಅಲೆಯೊಡನೆ ಮುಂದಕ್ಕೆ ಸಾಗುವುದಿಲ್ಲ. ಎರೆ ಹೊಲದಲ್ಲಿ ಬಿಳಿಜೋಳದ ಬೆಳೆಯ ಮೇಲೆ ಗಾಳಿ ಹಾಯ್ದಾಗ ತೆನೆಗಳು ಬಾಗಿ ಏಳುತ್ತವೆಯಾದರೂ ದಂಟು ನಿಂತಲ್ಲಿಯೇ ಇರುವಂತೆ, ನೀರಿನ ಪ್ರತಿಯೊಂದು ಕಣವೂ ತಾನಿದ್ದ ಜಾಗದಲ್ಲಿಯೇ ಸುತ್ತು ಹಾಕುತ್ತದೆ. ಆದುದರಿಂದಲೇ ಅಲೆಯ ಮೇಲಿರಿಸಿದ ತೇಲುಬುರುಡೆಯು ದೂರ ಹೋಗದೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಈ ಏರಿಳಿತವನ್ನು ಜನರೇಟರಿನ ತಿರುಗುವಿಕೆಯಾಗಿ ಪರಿವರ್ತಿಸುವುದೇ ತೇಲು ಸಾಧನಗಳ ಕೆಲಸ.

ಅಲೆಯ ಶಕ್ತಿಯು ಅದರ ಎತ್ತರದ ವರ್ಗಕ್ಕೂ ಒಂದು ಅಲೆಯಿಂದ ಮುಂದಿನ ಅಲೆಗೆ ಹಿಡಿಯುವ ಕಾಲಕ್ಕೂ ಅನುಗುಣವಾಗಿರುತ್ತದೆ. ಎತ್ತರ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ. ಆಳ ಸಮುದ್ರದ ಲೆಕ್ಕದಂತೆ 1 ಮೀಟರ್ ಎತ್ತರದ, 6 ಸೆಕೆಂಡಿಗೊಮ್ಮೆ ಬರುವ ಅಲೆಯ ಪ್ರತಿ ಮೀಟರ್ ಅಗಲದಲ್ಲಿ ಸುಮಾರು 3 ಕಿಲೋವಾಟ್ ಶಕ್ತಿ ಇರುತ್ತದೆ. ಇದು 5 ಅಶ್ವಶಕ್ತಿಯ ಒಂದು ಪಂಪ್‌ಸೆಟ್ಟಿಗೂ ಸಾಲದು. ಅದೇ ಅಲೆ 2.5 ಮೀಟರ್ ಎತ್ತರವಾಗಿ 8 ಸೆಕೆಂಡಿಗೊಮ್ಮೆ ಬಂದರೆ ಪ್ರತಿ ಮೀಟರಿಗೆ 24 ಕಿಲೋವಾಟ್‌ಗೂ ಮಿಗಿಲು. ದಡದ ಸಮೀಪ ನೀರಿನ ಆಳ ಕಡಿಮೆಯಾದಂತೆ ಈ ಪ್ರಮಾಣವೂ ತಗ್ಗುತ್ತದೆ. ಸಾಧನವು ಹಿಡಿಯಬಲ್ಲದ್ದು ಉಳಿದುದರಲ್ಲಿ ಒಂದು ಭಾಗ ಮಾತ್ರ.

ಡಂಬಳದ ಕೆರೆಯಲ್ಲಿ ಇಂತಹ ಸಾಧನ ತೇಲಿಸಬಹುದೇ ಎಂಬುದಕ್ಕೆ ಉತ್ತರವೂ ಈ ಲೆಕ್ಕದಲ್ಲಿಯೇ ಇದೆ. ಕೆರೆ ತುಂಬಿದಾಗಲೂ ಗಾಳಿಗೆ ನೀರಿನ ಮೇಲೆ ದೊರೆಯುವ ಓಟ ಅತ್ಯಲ್ಪ. 20 ಸೆಂಟಿಮೀಟರ್ ಎತ್ತರದ, ಒಂದೂವರೆ ಸೆಕೆಂಡಿಗೊಮ್ಮೆ ಬರುವ ಕಿರು ಅಲೆಯಲ್ಲಿ ಪ್ರತಿ ಮೀಟರಿಗೆ ಸುಮಾರು 30 ವಾಟ್ ಮಾತ್ರ ಇರುತ್ತದೆ. ಆದ್ದರಿಂದ ಈ ತಂತ್ರಜ್ಞಾನಕ್ಕೆ ಸಮುದ್ರವೇ ಬೇಕು. ಡಂಬಳದಿಂದ ಕಾರವಾರದ ಕಡಲು ನೇರ ಗೆರೆಯಲ್ಲಿ ಅಳೆದರೂ ಸುಮಾರು 180 ಕಿಲೋಮೀಟರ್ ದೂರದಲ್ಲಿದೆ.

ಸಾಧನಗಳ ರಚನೆ

ತೇಲು ಸಾಧನಗಳಲ್ಲಿ ಸರಳವಾದದ್ದು ತೇಲುಬುರುಡೆ ಮಾದರಿ. ಇದರ ಉತ್ತಮ ಉದಾಹರಣೆಯು ನಮ್ಮ ದೇಶದಲ್ಲಿಯೇ ಇದೆ. ಮದ್ರಾಸಿನ ಭಾರತೀಯ ತಂತ್ರಜ್ಞಾನ ಸಂಸ್ಥೆಯು ರೂಪಿಸಿದ ‘ಸಿಂಧುಜಾ-1’ ಎಂಬ ಸಾಧನವನ್ನು 2022ರ ನವೆಂಬರ್‌ನಲ್ಲಿ ತಮಿಳುನಾಡಿನ ತೂತ್ತುಕುಡಿ ಕರಾವಳಿಯಿಂದ ಸುಮಾರು 6 ಕಿಲೋಮೀಟರ್ ಒಳಗೆ, ಸುಮಾರು 20 ಮೀಟರ್ ಆಳದ ಸಮುದ್ರದಲ್ಲಿ ಪರೀಕ್ಷಿಸಲಾಯಿತು. ಇದರಲ್ಲಿ ನಡುವೆ ರಂಧ್ರವುಳ್ಳ ತೇಲುಬುರುಡೆಯೊಂದಿದ್ದು, ಆ ರಂಧ್ರದ ಮೂಲಕ ಉದ್ದನೆಯ ಕಂಬವು ಹಾಯ್ದಿರುತ್ತದೆ. ಕಂಬವನ್ನು ಅಲುಗದಂತೆ ಇರಿಸಲಾಗಿರುತ್ತದೆ. ಬುರುಡೆಯು ಅಲೆಯೊಡನೆ ಏರಿಳಿಯುತ್ತದೆ. ಎರಡರ ನಡುವಿನ ಈ ಚಲನೆಯ ವ್ಯತ್ಯಾಸವೇ ಜನರೇಟರನ್ನು ತಿರುಗಿಸುತ್ತದೆ. ಕಂಬವೂ ಬುರುಡೆಯೊಡನೆ ಏರಿಳಿದರೆ ಒಂದು ಯೂನಿಟ್ ವಿದ್ಯುತ್ತೂ ದೊರೆಯದು. ಸಿಂಧುಜಾ-1ರ ಉತ್ಪಾದನೆ 100 ವಾಟ್ ಆಗಿದ್ದಿತು. ಹಿಂದೆ ಮನೆಗಳಲ್ಲಿ ಉರಿಯುತ್ತಿದ್ದ ಒಂದು ಬಲ್ಬಿಗೆ ಸಾಲುವಷ್ಟು ಎಂದು ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಉಪ್ಪುನೀರಿನ ನಡುವೆ ಯಂತ್ರವೊಂದು ನಿಂತು ಕೆಲಸ ಮಾಡಿತೆಂಬುದೇ ಪರೀಕ್ಷೆಯ ಫಲ.

ಎರಡನೆಯ ಮಾದರಿಯಲ್ಲಿ ತೇಲುವ ಕೋಣೆಯೊಳಗೆ ನೀರು ಏರಿಳಿಯುತ್ತ ಮೇಲಿನ ಗಾಳಿಯನ್ನು ಹೊರದೂಡಿ ಒಳಗೆಳೆಯುತ್ತದೆ. ಆ ಗಾಳಿಯ ಹಾದಿಯಲ್ಲಿರುವ ಟರ್ಬೈನ್ ತಿರುಗುತ್ತದೆ. ಜಪಾನಿನ ಯೋಶಿಯೋ ಮಸುದಾ ಅವರು ಹಡಗುಗಳಿಗೆ ದಾರಿ ತೋರುವ ದೀಪದ ಬುರುಡೆಗಳಲ್ಲಿ ಈ ಕ್ರಮವನ್ನು ಬಳಕೆಗೆ ತಂದರು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಇದೇ ತತ್ವದ ದೀಪಬುರುಡೆಯನ್ನು ಅಭಿವೃದ್ಧಿಪಡಿಸಿದೆ. ಮೂರನೆಯದು ಹಾವಿನಂತೆ ಕೀಲುಗೂಡಿದ ಉದ್ದನೆಯ ಕೊಳವೆಗಳ ಮಾದರಿ. ಅಲೆಯ ಮೇಲೆ ಕೊಳವೆಗಳು ಬಾಗಿದಾಗ ಕೀಲುಗಳಲ್ಲಿರುವ ಹೈಡ್ರಾಲಿಕ್ ಪಂಪುಗಳು ತೈಲವನ್ನು ಒತ್ತಿ ಜನರೇಟರನ್ನು ನಡೆಸುತ್ತವೆ. ಸ್ಕಾಟ್ಲೆಂಡಿನ ‘ಪೆಲಾಮಿಸ್’ ಎಂಬ ಈ ಸಾಧನವು 2004ರಲ್ಲಿ ಆರ್ಕ್ನಿ ದ್ವೀಪಗಳ ಬಳಿ ವಿದ್ಯುತ್ ಜಾಲಕ್ಕೆ ಜೋಡಣೆಯಾಯಿತು. 2008ರಲ್ಲಿ ಪೋರ್ಚುಗಲ್ಲಿನ ಅಗುಸಾದೌರಾ ಎಂಬಲ್ಲಿ ತಲಾ 750 ಕಿಲೋವಾಟ್‌ನ ಮೂರು ಪೆಲಾಮಿಸ್‌ಗಳನ್ನು ಅಳವಡಿಸಲಾಯಿತಾದರೂ ಕೆಲವೇ ತಿಂಗಳುಗಳಲ್ಲಿ ಅವನ್ನು ಬಂದರಿಗೆ ಎಳೆದು ತರಬೇಕಾಯಿತು. 2014ರಲ್ಲಿ ಕಂಪನಿಯೇ ಆರ್ಥಿಕವಾಗಿ ಕುಸಿದು ಆಡಳಿತಾಧಿಕಾರಿಗಳ ವಶವಾಯಿತು.

ಇಷ್ಟು ಸರಳವಾದ ತತ್ವವು ವ್ಯಾಪಾರವಾಗಿ ಏಕೆ ನೆಲೆಗೊಂಡಿಲ್ಲವೆಂಬುದು ಲೆಕ್ಕಪತ್ರ ಬಲ್ಲವರಿಗೆ ಬೇಗ ತಿಳಿಯುವ ವಿಷಯ. ಸಾಧನವನ್ನು ವರ್ಷದ ಅತಿ ದೊಡ್ಡ ಅಲೆಯನ್ನು ತಾಳುವಂತೆ ಕಟ್ಟಬೇಕು. ವರಮಾನವಾದರೋ ಸಾಧಾರಣ ಅಲೆಯಿಂದ ಬರಬೇಕು. ಉಕ್ಕು, ಲಂಗರು, ಸರಪಳಿ, ಸಮುದ್ರತಳದ ಕೇಬಲ್, ವಿಮೆ ಇವೆಲ್ಲವೂ ಬಿರುಗಾಳಿಯ ದಿನದ ಲೆಕ್ಕದಲ್ಲಿ ಖರ್ಚಾಗುತ್ತವೆ. ಉಪ್ಪುನೀರಿನ ತುಕ್ಕು ಹಾಗೂ ಮೈಗೆ ಅಂಟಿ ಬೆಳೆಯುವ ಚಿಪ್ಪುಜೀವಿಗಳಿಂದ ಸವಕಳಿ ಹೆಚ್ಚು. 100 ಕಿಲೋವಾಟ್‌ನ ಘಟಕವು ವರ್ಷವಿಡೀ ಪೂರ್ಣವಾಗಿ ನಡೆದರೆ 8,76,000 ಯೂನಿಟ್ ದೊರೆಯಬೇಕು. ಅದರ ಐದನೆಯ ಒಂದು ಪಾಲು ಮಾತ್ರ ದೊರೆತರೆ 1,75,200 ಯೂನಿಟ್ ಮಾತ್ರ. ಬಂಡವಾಳವೆಲ್ಲವನ್ನೂ ಈ ಯೂನಿಟ್‌ಗಳ ಮೇಲೆಯೇ ಹಂಚಬೇಕಾಗುತ್ತದೆ.

ವಿಳಿಂಜಂ ಅನುಭವ

ಭಾರತದ ಮೊದಲ ಅಲೆಶಕ್ತಿ ಘಟಕವು 1991ರಲ್ಲಿ ಕೇರಳದ ತಿರುವನಂತಪುರದ ಬಳಿಯ ವಿಳಿಂಜಂ ಮೀನುಗಾರಿಕಾ ಬಂದರಿನಲ್ಲಿ ಆರಂಭವಾಯಿತು. ಅದು ತೇಲುವ ಸಾಧನವಾಗಿರದೆ ಸಮುದ್ರತಳದ ಮೇಲೆ ನಿಲ್ಲಿಸಿದ ಭಾರಿ ಕಾಂಕ್ರೀಟ್ ಕೋಣೆಯಾಗಿದ್ದು, ಅದರೊಳಗಿನ ನೀರಿನ ಏರಿಳಿತದಿಂದ ಹೊರಡುವ ಗಾಳಿಯು ಟರ್ಬೈನನ್ನು ತಿರುಗಿಸುತ್ತಿತ್ತು. ಸ್ಥಾಪಿತ ಸಾಮರ್ಥ್ಯ 150 ಕಿಲೋವಾಟ್. ಅಂದಾಜಿನಂತೆ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸರಾಸರಿ 75 ಕಿಲೋವಾಟ್ ಹಾಗೂ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ 25 ಕಿಲೋವಾಟ್ ದೊರೆಯಬೇಕಿತ್ತು. ಒಂದೇ ಘಟಕದಲ್ಲಿ ಋತುವಿನಿಂದ ಋತುವಿಗೆ ಮೂರು ಪಟ್ಟು ವ್ಯತ್ಯಾಸವಿರುವುದನ್ನು ಓದುಗರು ಗಮನಿಸಬೇಕು. ಮುಂದೆ 2004ರಲ್ಲಿ ಅದೇ ಘಟಕದ ವಿದ್ಯುತ್ತಿನಿಂದ ಸಮುದ್ರದ ನೀರನ್ನು ಸಿಹಿನೀರಾಗಿಸುವ, ದಿನಕ್ಕೆ 10,000 ಲೀಟರ್ ಸಾಮರ್ಥ್ಯದ ವ್ಯವಸ್ಥೆಯನ್ನು ಜೋಡಿಸಲಾಯಿತು. 2011ರಲ್ಲಿ ಘಟಕವನ್ನು ಸ್ಥಗಿತಗೊಳಿಸಲಾಯಿತು. ವಿದ್ಯುತ್ತನ್ನು ಜಾಲಕ್ಕೆ ಮಾರುವುದಕ್ಕಿಂತ ಕುಡಿಯುವ ನೀರು ಮಾಡುವುದು ಹೆಚ್ಚು ಸಮಂಜಸವೆಂದು ತೋರಿಸಿಕೊಟ್ಟದ್ದು ಈ ಘಟಕದ ಗಮನಾರ್ಹ ಪಾಠ.

ಕರ್ನಾಟಕದ ಕಡಲು ಮತ್ತು ನಾಲ್ಕು ತಿಂಗಳು

ದಕ್ಷಿಣ ಕನ್ನಡ, ಉಡುಪಿ ಹಾಗೂ ಉತ್ತರ ಕನ್ನಡ ಜಿಲ್ಲೆಗಳಲ್ಲಿ ಹಬ್ಬಿರುವ ರಾಜ್ಯದ ಕರಾವಳಿಯ ಉದ್ದ ಸುಮಾರು 320 ಕಿಲೋಮೀಟರ್. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯು ಕಾರವಾರ, ಹೊನ್ನಾವರ ಹಾಗೂ ಮಲ್ಪೆಯ ಸಮೀಪ ಅಳತೆಯ ಬುರುಡೆಗಳನ್ನಿರಿಸಿ ಅಲೆಗಳನ್ನು ದಾಖಲಿಸಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮುಂಗಾರಿನಲ್ಲಿ ಇಲ್ಲಿಯ ಅಲೆಗಳು ದೊಡ್ಡವು. ಉಳಿದ ತಿಂಗಳುಗಳಲ್ಲಿ ಕಡಲು ಬಹುತೇಕ ಶಾಂತ. ಎತ್ತರದ ವರ್ಗಕ್ಕೆ ಅನುಗುಣವಾಗಿ ಶಕ್ತಿ ಏರುವುದರಿಂದ, ವರ್ಷದ ಅಲೆಶಕ್ತಿಯ ಬಹುಪಾಲು ಈ ನಾಲ್ಕು ತಿಂಗಳಲ್ಲಿಯೇ ಮುಗಿದುಹೋಗುತ್ತದೆ.

ಇಲ್ಲಿ ಡಂಬಳದ ರೈತರಿಗೆ ನೇರವಾಗಿ ಸಂಬಂಧಿಸಿದ ಅಂಶವಿದೆ. ಕಾರವಾರದ ಕಡಲಿನಲ್ಲಿ ಅಲೆ ಎಬ್ಬಿಸುವ ಮುಂಗಾರಿನ ಗಾಳಿಯೇ ಘಟ್ಟ ದಾಟಿ ಬಂದು ಕಪ್ಪತಗುಡ್ಡದ ಯಂತ್ರಗಳನ್ನೂ ತಿರುಗಿಸುತ್ತದೆ. ಅದೇ ಮುಂಗಾರಿನಲ್ಲಿ ಶರಾವತಿ ಹಾಗೂ ಕಾಳಿ ನದಿಗಳ ಜಲಾಶಯಗಳೂ ತುಂಬುತ್ತವೆ. ಮಳೆ ಬಿದ್ದ ಹೊಲಕ್ಕೆ ಆಗ ಪಂಪ್‌ಸೆಟ್ಟಿನ ನೀರು ಅಷ್ಟಾಗಿ ಬೇಕಿಲ್ಲ. ವಿದ್ಯುತ್ತಿನ ಬೇಡಿಕೆ ಏರುವುದು ಫೆಬ್ರವರಿಯಿಂದ ಮೇ ತಿಂಗಳವರೆಗಿನ ಬೇಸಿಗೆಯಲ್ಲಿ. 2025ರ ಮಾರ್ಚ್‌ನಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವಾಟ್ ದಾಟಿತು. ಆ ಸಮಯದಲ್ಲಿ ಕಡಲು ಶಾಂತವಾಗಿರುತ್ತದೆ. ಅಂದರೆ ಅಲೆಶಕ್ತಿಯು, ಗಾಳಿ ಮತ್ತು ನದಿಯಂತೆಯೇ, ಬೇಡಿಕೆ ಕಡಿಮೆಯಿರುವಾಗ ಧಾರಾಳವಾಗಿ ಬಂದು ಬೇಕಾದಾಗ ಕೈಕೊಡುವ ಸ್ವಭಾವದ್ದು.

ಇದಕ್ಕೆ ಇನ್ನೊಂದು ಮುಖವೂ ಇದೆ. ಮುಂಗಾರಿನಲ್ಲಿ ಗಾಳಿಯಿಂದಲೋ ಅಲೆಯಿಂದಲೋ ವಿದ್ಯುತ್ ದೊರೆತಷ್ಟೂ ಜಲವಿದ್ಯುತ್ ಕೇಂದ್ರಗಳಿಗೆ ನೀರು ಬಿಡುವುದನ್ನು ತಗ್ಗಿಸಿ, ಆ ನೀರನ್ನು ಬೇಸಿಗೆಗೆ ಉಳಿಸಿಕೊಳ್ಳಬಹುದು. ಆದರೆ ಈ ಉಳಿತಾಯವನ್ನು ಗಾಳಿಯಂತ್ರಗಳು ಈಗಾಗಲೇ ನೆಲದ ಮೇಲೆ ನಿಂತು ಮಾಡಿಕೊಡುತ್ತಿವೆ. ಅದೇ ಕೆಲಸಕ್ಕೆ ಸಮುದ್ರದಲ್ಲಿ ಅಧಿಕ ವೆಚ್ಚ ಮಾಡುವುದು ಸದ್ಯಕ್ಕೆ ಸಮರ್ಥನೀಯವೆನ್ನಲಾಗದು.

ನಿರ್ವಹಣೆಯ ತೊಡಕನ್ನೂ ಹೇಳಬೇಕು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅಲೆಶಕ್ತಿ ಅತ್ಯಧಿಕವಾಗಿರುವ ಈ ಅವಧಿಯಲ್ಲಿ ದೊಡ್ಡ ದೋಣಿಗಳು ದಡದಲ್ಲಿರುವುದರಿಂದ ಸಾಧನಕ್ಕೂ ಬಲೆಗೂ ತಾಕಲಾಟ ಕಡಿಮೆಯೆಂಬುದು ಅನುಕೂಲ. ಆದರೆ ದೋಣಿ ಹೋಗಲಾರದ ಕಡಲಿಗೆ ದುರಸ್ತಿಯ ತಂಡವೂ ಹೋಗಲಾರದು. ಜೂನ್‌ನಲ್ಲಿ ಲಂಗರಿನ ಸರಪಳಿ ಕಡಿದರೆ, ಕಡಲು ಇಳಿಯುವವರೆಗೆ ಕಾಯಬೇಕಾಗುವುದು; ವರ್ಷದ ಗಳಿಕೆ ಅಲ್ಲಿಗೇ ಮುಗಿಯುವುದು. ಆಗಸ್ಟ್ ನಂತರ ಮೀನುಗಾರರು ಕಡಲಿಗಿಳಿದಾಗ ಸಾಧನವಿರುವ ನೀರು ಅವರ ಬಲೆಗೆ ಮುಚ್ಚಿದ ನೀರಾಗುತ್ತದೆ. ಆದ್ದರಿಂದ ಸ್ಥಳ ನಿಗದಿಗೆ ಮುನ್ನ ಅವರ ಅಭಿಪ್ರಾಯ ಪಡೆಯುವುದು ಔಪಚಾರಿಕ ಕ್ರಮವಾಗಬಾರದು.

ಹೀಗಿರುವಾಗ ತೇಲು ಸಾಧನಗಳಿಗೆ ತಕ್ಕ ಕೆಲಸಗಳು ಬೇರೆಯೇ ಇವೆ. ಬಂದರಿನ ದೀಪಬುರುಡೆ, ಹವಾಮಾನದ ಅಳತೆಯ ಉಪಕರಣ, ವಿದ್ಯುತ್ ತಂತಿ ತಲುಪದ ದ್ವೀಪದ ಕುಡಿಯುವ ನೀರು ಇವುಗಳಲ್ಲಿ ಹೋಲಿಕೆಯು ಜಾಲದ ಅಗ್ಗದ ವಿದ್ಯುತ್ತಿನೊಡನೆ ಅಲ್ಲ, ದೋಣಿಯಲ್ಲಿ ಸಾಗಿಸುವ ಬ್ಯಾಟರಿ ಅಥವಾ ಡೀಸೆಲ್‌ನೊಡನೆ. ಅಲ್ಲಿ ಸಣ್ಣ ಸಾಧನವೂ ಗೆಲ್ಲಬಲ್ಲದು.

ಅರ್ಜಿದಾರರ ಗಮನಕ್ಕೆ

ಕೇಂದ್ರದ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವು 22.08.2019ರಂದು ಅಲೆ, ಉಬ್ಬರವಿಳಿತ ಹಾಗೂ ಸಾಗರದ ಉಷ್ಣದಿಂದ ಉತ್ಪಾದಿಸಿದ ಶಕ್ತಿಯನ್ನು ನವೀಕರಿಸಬಹುದಾದ ಇಂಧನವೆಂದು ಪರಿಗಣಿಸಲಾಗುವುದೆಂದು ಸ್ಪಷ್ಟಪಡಿಸಿದೆ. ಸಮುದ್ರದಲ್ಲಿ 12 ನಾಟಿಕಲ್ ಮೈಲಿವರೆಗಿನ ಪ್ರದೇಶವು ಕರಾವಳಿ ನಿಯಂತ್ರಣ ವಲಯದ ವ್ಯಾಪ್ತಿಗೆ ಬರುವುದರಿಂದ ಅಲ್ಲಿ ಘಟಕ ಸ್ಥಾಪಿಸಬಯಸುವ ಸಂಸ್ಥೆಗಳು ಸದರಿ ನಿಯಮಗಳಿಗೆ ಒಳಪಡುತ್ತವೆ. 2025ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ 100 ಕಿಲೋವಾಟ್‌ನ ಪ್ರಾಯೋಗಿಕ ಘಟಕಕ್ಕಾಗಿ ಭಾರತ್ ಪೆಟ್ರೋಲಿಯಂ ನಿಗಮವು ಇಸ್ರೇಲ್ ಮೂಲದ ಇಕೋ ವೇವ್ ಪವರ್ ಕಂಪನಿಯೊಡನೆ ಒಡಂಬಡಿಕೆ ಮಾಡಿಕೊಂಡಿತು. ಇವೆಲ್ಲವೂ ಸಂಸ್ಥೆಗಳ ಮಟ್ಟದ ಕಾರ್ಯಗಳು.

ವೈಯಕ್ತಿಕ ಗ್ರಾಹಕರಿಗೆ ಅಲೆಶಕ್ತಿ ಸಾಧನಕ್ಕಾಗಿ ಸಹಾಯಧನ ನೀಡುವ ಯೋಜನೆ ಇರುವುದಿಲ್ಲ. ಇದಕ್ಕೆ ಅರ್ಜಿ ನಮೂನೆಯೂ, ಮುಂಗಡ ಶುಲ್ಕವೂ ಇರುವುದಿಲ್ಲ. ಅಂತಹ ಸಾಧನದ ಹೆಸರಿನಲ್ಲಿ ಯಾರಾದರೂ ನೋಂದಣಿ ಶುಲ್ಕವನ್ನು ಕೇಳಿದಲ್ಲಿ ಪಾವತಿಸಬಾರದು. ಸ್ವಂತ ಮನೆಯ ಮೇಲೆ ವಿದ್ಯುತ್ ಉತ್ಪಾದಿಸಲಿಚ್ಛಿಸುವವರಿಗೆ 2024ರ ಫೆಬ್ರವರಿಯಲ್ಲಿ ಆರಂಭವಾಗಿ 2026-27ನೇ ಆರ್ಥಿಕ ವರ್ಷದವರೆಗಿನ ಅವಧಿಗೆ ಮಂಜೂರಾದ ಪಿ.ಎಂ. ಸೂರ್ಯ ಘರ್ ಯೋಜನೆಯಡಿ ಮೇಲ್ಛಾವಣಿ ಸೌರ ಘಟಕಕ್ಕೆ ಗರಿಷ್ಠ 78,000 ರೂ.ವರೆಗೆ ಕೇಂದ್ರದ ಸಹಾಯಧನವನ್ನು ನಿಗದಿಪಡಿಸಲಾಗಿದೆ. ಡಂಬಳ ಹೋಬಳಿಯ ಗ್ರಾಹಕರು ಇತ್ತೀಚಿನ ವಿದ್ಯುತ್ ಬಿಲ್ಲಿನೊಂದಿಗೆ ತಮ್ಮ ವ್ಯಾಪ್ತಿಯ ಹೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಬಹುದು. ಬಿಲ್ಲು ಅರ್ಜಿದಾರರ ಹೆಸರಿನಲ್ಲಿ ಇಲ್ಲದಿದ್ದಲ್ಲಿ ಮೊದಲು ಹೆಸರು ಬದಲಾವಣೆ ಮಾಡಿಸಿಕೊಳ್ಳುವುದು ಉಚಿತ.